ನಿಲ್ಲಿಸಿಟ್ಟ ಲಿಫ್ಟು

ನಮ್ಮ ಲ್ಯಾಬಿನ ಹಿಂದಿನ ಗೋಡೆಗೆ ಅಂಟಿಕೊಂಡು ಸಾಮಾನು ಸಾಗಿಸುವ ಒಂದು ಲಿಫ್ಟಿತ್ತು. ಐದು ಮಹಡಿ ಹತ್ತಿಳಿಯುವ ಹಳೇ ಕಬ್ಬಿಣದ ಪೆಟ್ಟಿಗೆ. ಅದರ ಬೀಗದ ಕೈ ಸ್ಟೋರಿನ ಮೊಳೆಗೆ ನೇತಾಡುತ್ತಿತ್ತು, ಸ್ಟೋರು ನನ್ನ ವಶದಲ್ಲಿತ್ತು. ನಾಲ್ಕು ತಿಂಗಳ ಕಾಲ, ವಾರಕ್ಕೆ ಐದು ದಿನ, ಬೆಳಗ್ಗೆ ಹನ್ನೊಂದರಿಂದ ಒಂದರವರೆಗೆ ಆ ಲಿಫ್ಟನ್ನು ನಿಲ್ಲಿಸಿ ಬಾಗಿಲಿಗೆ ‘ದುರಸ್ತಿಯಲ್ಲಿದೆ’ ಎಂಬ ರಟ್ಟಿನ ಬೋರ್ಡು ತಗುಲಿಸುತ್ತಿದ್ದವನು ನಾನೇ. ಲಿಫ್ಟಿಗೆ ಯಾವ ರೋಗವೂ ಇರಲಿಲ್ಲ.

ನಾನು ಓದಿ ಈ ಕೆಲಸಕ್ಕೆ ಬಂದವನಲ್ಲ. ಹಣ್ಣು, ಮೀನು ಇಡುವ ಕೋಲ್ಡ್ ಸ್ಟೋರೇಜುಗಳಲ್ಲಿ ಯಂತ್ರ ರಿಪೇರಿ ಮಾಡಿಕೊಂಡಿದ್ದೆ. ಸೋರದ ಹಾಗೆ ಕೊಳವೆಗೆ ಬೆಸುಗೆ ಹಾಕುವವನು ಬೇಕೆಂದು ವಿಶ್ವವಿದ್ಯಾಲಯದವರು ಎರಡು ದಿನದ ಮಟ್ಟಿಗೆ ಕರೆಸಿದರು. ಬಂದವನು ಇಪ್ಪತ್ತಾರು ವರ್ಷ ಉಳಿದುಬಿಟ್ಟೆ.

ಆ ಲ್ಯಾಬಿನಲ್ಲಿ ಕ್ವಾಂಟಂ ಕಂಪ್ಯೂಟರ್ ಕಟ್ಟುತ್ತಿದ್ದರು. ಹೆಸರು ದೊಡ್ಡದು, ವಸ್ತು ಉಗುರಿನಗಲದ ಒಂದು ಚಿಪ್. ಅದನ್ನು ತಣ್ಣಗಿಡುವುದಕ್ಕೆ ಮಾತ್ರ ಆಳೆತ್ತರದ ಡಬ್ಬಿ, ಪಂಪು, ಕಂಪ್ರೆಸರ್, ನೂರಾರು ಕೊಳವೆ. ಆ ಡಬ್ಬಿಗೆ ನಾನು ಚಳಿರಾಯ ಎಂದು ಹೆಸರಿಟ್ಟಿದ್ದೆ, ಬರಬರುತ್ತಾ ಪ್ರೊಫೆಸರೂ ಹಾಗೇ ಕರೆಯತೊಡಗಿದರು. ಈ ಚಿಪ್‌ಗಳ ದೊಡ್ಡ ಕಾಯಿಲೆ ಮರೆವು. ಹೇಳಿಕೊಟ್ಟ ಲೆಕ್ಕವನ್ನು ಕಣ್ಣು ಮಿಟುಕಿಸುವುದಕ್ಕೆ ಎಷ್ಟೋ ಮೊದಲೇ ಮರೆತುಬಿಡುತ್ತವೆ. ಮರೆಯುವುದರೊಳಗೆ ಉತ್ತರ ತೆಗೆದುಕೊಳ್ಳಬೇಕು. ಒಂದಿಷ್ಟು ಶಾಖ, ಒಂದಿಷ್ಟು ಕಂಪನ, ಪಕ್ಕದಲ್ಲಿ ಅಯಸ್ಕಾಂತದ ಒಂದು ಸಣ್ಣ ಸೆಳೆತ, ಯಾವುದು ತಾಗಿದರೂ ಮರೆವು ಹೆಚ್ಚುತ್ತದೆ. ಯಾರ ಚಿಪ್ ಎಷ್ಟು ಹೊತ್ತು ನೆನಪಿಟ್ಟುಕೊಳ್ಳುತ್ತದೆ ಎನ್ನುವುದರ ಮೇಲೆ ಆ ಲೋಕದಲ್ಲಿ ಅವರವರ ಮರ್ಯಾದೆ ನಿಂತಿತ್ತು. ನನಗೆ ಅರ್ಥವಾದದ್ದು ಇಷ್ಟೇ, ನನ್ನ ಕೆಲಸಕ್ಕೆ ಅದು ಸಾಕಾಗಿತ್ತು.

ನಾನು ಹೇಳುತ್ತಿರುವ ಚಿಪ್ ಮಾಡಿದವಳು ನನ್ನ ತಂಗಿಯ ಮಗಳು. ಮನೆಯಲ್ಲಿ ಅವಳನ್ನು ಇರುವೆ ಎನ್ನುತ್ತೇವೆ. ಮೂರು ವರ್ಷದವಳಿದ್ದಾಗ ತನಗಿಂತ ದೊಡ್ಡ ದಿಂಬುಗಳನ್ನು ಕೋಣೆಯಿಂದ ಕೋಣೆಗೆ ಎಳೆದಾಡುತ್ತಿದ್ದಳು, ಯಾರಾದರೂ ಎತ್ತಿಕೊಡಲು ಹೋದರೆ ಕಿರುಚುತ್ತಿದ್ದಳು. ಅವಳ ಅಪ್ಪ ಬೇಗ ಹೋಗಿಬಿಟ್ಟರು. ಅವಳನ್ನು ಬೆಳೆಸಿದ್ದರಲ್ಲಿ ನನ್ನದೂ ಒಂದು ಕೈ ಇದೆ. ಸಂದರ್ಶನದಲ್ಲಿ ತಾನಾಗಿಯೇ ಆಯ್ಕೆಯಾಗಿ ನಮ್ಮ ಲ್ಯಾಬಿಗೆ ಸೇರಿದ ಮೊದಲ ದಿನವೇ ಸ್ಟೋರಿಗೆ ಬಂದು ಬಾಗಿಲು ಮುಂದೆ ಮಾಡಿದಳು.

“ಮಾವ, ಮನೇಲಿ ನೀನು ನನ್ನ ಮಾವ. ಇಲ್ಲಿ ನಾನು ನಿಮಗೆ ಏನೂ ಅಲ್ಲ. ನಂಗೋಸ್ಕರ ಅಂತ ಒಂದು ಸ್ಕ್ರೂನೂ ಜಾಸ್ತಿ ತಿರುಗಿಸ್ಬೇಡಿ.”

“ಆಯ್ತು ಮೇಡಂ,” ಎಂದೆ. ಅವಳು ನಗಲಿಲ್ಲ. ಅಂದಿನಿಂದ ಲ್ಯಾಬಿನಲ್ಲಿ ‘ನೀವು’, ಮನೆಯಲ್ಲಿ ‘ನೀನು’. ನಮ್ಮ ಸಂಬಂಧ ಪ್ರೊಫೆಸರಿಗೆ ಗೊತ್ತಿತ್ತು. ಅವರೂ ಅದನ್ನು ಎತ್ತಿ ಆಡಲಿಲ್ಲ.

ಚಳಿರಾಯನ ಮೇಲೆ ಇರುವೆಯ ಪಾಳಿ ಹನ್ನೊಂದರಿಂದ ಒಂದರವರೆಗೆ. ಉಳಿದ ಹೊತ್ತು ಬೇರೆಯವರದು. ಸೇರಿ ನಾಲ್ಕು ವರ್ಷವಾದ ಮೇಲೆ ಅವಳು ತನ್ನದೇ ಚಿಪ್ ಮಾಡಿದಳು. ಮೊದಲ ಎರಡು ತಿಂಗಳು ಅದು ಇದ್ದಕ್ಕಿದ್ದಂತೆ ಮರೆಯುತ್ತಿತ್ತು. ಪರದೆಯ ಮೇಲಿನ ಗೆರೆ ಚೆನ್ನಾಗಿ ಹೋಗುತ್ತಿದ್ದದ್ದು ದಿಢೀರನೆ ಜೋತುಬೀಳುತ್ತಿತ್ತು. ಎರಡು ಸಲ ಚಿಪ್ಪನ್ನೇ ಹೊಸದಾಗಿ ಮಾಡಿದಳು. ಮುಖ ಸಣ್ಣಗಾಯಿತು, ಊಟದ ಡಬ್ಬಿ ತುಂಬಿದ್ದು ತುಂಬಿದ ಹಾಗೇ ಮನೆಗೆ ವಾಪಸಾಗುತ್ತಿತ್ತು. ತಂಗಿ ನನಗೆ ಫೋನು ಮಾಡಿ, ಅಲ್ಲೇ ಇರ್ತೀಯಲ್ಲ, ಸ್ವಲ್ಪ ನೋಡಬಾರದೇ ಎಂದು ಕೇಳಿದಳು.

ನೋಡಿದೆ. ಲ್ಯಾಬಿನವರೆಲ್ಲ ಪರದೆ ನೋಡುತ್ತಿದ್ದರು. ನನಗೆ ಪರದೆ ಓದಲು ಅಷ್ಟಾಗಿ ಬಾರದ್ದರಿಂದ ಗೋಡೆಯ ಸದ್ದು ಕಿವಿಗೆ ಬಿತ್ತು. ಹಿಂದುಗಡೆ ‘ಟಕ್’ ಎಂದು ಲಿಫ್ಟು ಹೊರಡುತ್ತಿತ್ತು. ಲಿಫ್ಟು ಮೇಲೆ ಹೋದರೆ ಅದರ ಸಮತೂಕಕ್ಕೆ ಕಟ್ಟಿದ ಕಬ್ಬಿಣದ ಗಟ್ಟಿಗಳು ಗೋಡೆಯಾಚೆ ಕೆಳಗೆ ಇಳಿಯುತ್ತವೆ. ಅವು ಚಳಿರಾಯನ ಪಕ್ಕದಲ್ಲಿ ಹಾಯುವ ಹೊತ್ತಿಗೆ ಸರಿಯಾಗಿ ಗೆರೆ ಜೋತುಬೀಳುತ್ತಿತ್ತು. ಒಂಬತ್ತು ದಿನ ಗಮನಿಸಿದೆ. ಒಂದು ಸಲವೂ ತಪ್ಪಲಿಲ್ಲ.

ಅವತ್ತೇ ಹೇಳಬೇಕಿತ್ತು. ಹೇಳದೇ ಇದ್ದದ್ದಕ್ಕೆ ಎರಡು ಕಾರಣವಿತ್ತು. ಹನ್ನೊಂದು ವರ್ಷದ ಹಿಂದೆ, ನೀರಿನ ಪಂಪಿನಿಂದ ಯಂತ್ರಕ್ಕೆ ತೊಂದರೆಯಾಗುತ್ತಿರಬಹುದೇನೋ ಎಂದು ಪ್ರೊಫೆಸರ ಬಳಿ ಹೇಳಲು ಹೋಗಿದ್ದೆ. ವಿದ್ಯಾರ್ಥಿಗಳ ಎದುರಿಗೇ ಅವರು, ನಿಮ್ಮ ಕೈಗೆ ಸ್ಪ್ಯಾನರೇ ಒಪ್ಪುತ್ತೆ, ಭೌತಶಾಸ್ತ್ರ ನಮಗೆ ಬಿಡಿ ಎಂದಿದ್ದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಆ ಬಗೆಯ ಮಾತಿಗೆ ಬಾಯಿ ತೆರೆದಿರಲಿಲ್ಲ. ಎರಡನೆಯದು ಇರುವೆ. ನಾನು ಹೇಳಿದರೆ ಮಾವನಿಂದ ಮುಂದೆ ಬಂದಳು ಅನ್ನಿಸಿಕೊಳ್ಳುತ್ತಾಳೆ, ಅವಳೇ ಒಪ್ಪುವುದಿಲ್ಲ. ಅದಕ್ಕಿಂತ ಲಿಫ್ಟನ್ನು ಸುಮ್ಮನೆ ಎರಡು ಗಂಟೆ ನಿಲ್ಲಿಸಿದರೆ ಯಾರ ಗಂಟೇನು ಹೋಗುತ್ತದೆ ಎಂದುಕೊಂಡೆ.

ಬೋರ್ಡು ತಗುಲಿಸಿದ ಮೊದಲ ದಿನವೇ ಗೆರೆ ನೆಟ್ಟಗೆ ನಿಂತಿತು. ಇರುವೆ ಕುರ್ಚಿಯಿಂದ ಎದ್ದು, ಮತ್ತೆ ಕೂತು, ಮತ್ತೆ ಎದ್ದಳು. ಡಬ್ಬಿಯ ಊಟ ಖಾಲಿಯಾಯಿತು. ಮೂರನೇ ಸಲ ಮಾಡಿದ ಚಿಪ್ ಸರಿಹೋಯಿತೆಂದು ಅವಳು ತಿಳಿದಳು, ಉಳಿದವರೂ ಹಾಗೇ ತಿಳಿದರು. ಬೇರೆ ಪಾಳಿಯವರ ಚಿಪ್‌ಗಳು ಮರೆಯುತ್ತಲೇ ಇದ್ದದ್ದರಿಂದ ಅವಳ ಹೆಸರು ಇನ್ನಷ್ಟು ಮೇಲೇರಿತು.

ಐದನೇ ಮಹಡಿಯ ರಸಾಯನಶಾಸ್ತ್ರದವರು ನನ್ನನ್ನು ಕಂಡಲ್ಲೆಲ್ಲ ಬೈಯುತ್ತಿದ್ದರು. ಅವರ ಅಟೆಂಡರ್ ಮೆಟ್ಟಿಲಲ್ಲಿ ಏದುಸಿರು ಬಿಡುತ್ತಾ, ನಿಮ್ಮ ಲಿಫ್ಟಿನ ದಯೆಯಿಂದ ನನ್ನ ಹೊಟ್ಟೆ ಕರಗಿ ಪ್ಯಾಂಟು ಜಾರುತ್ತಿದೆ, ಒಂದು ಬೆಲ್ಟಾದರೂ ಕೊಡಿಸಿ ಎನ್ನುತ್ತಿದ್ದ. ಲಿಫ್ಟ್ ಕಂಪನಿಯ ಮೆಕ್ಯಾನಿಕ್ ಎರಡು ಸಲ ಬಂದು ತಲೆ ಕೆರೆದುಕೊಂಡು ಹೋದ. ನಾನು ದಿನಕ್ಕೊಂದರಂತೆ ಬೋರ್ಡಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಗೀಟು ಎಳೆಯುತ್ತಿದ್ದೆ. ಯಾಕೆಂದು ಕೇಳಿದರೆ ಹೇಳಲಾರೆ. ಕೋಲ್ಡ್ ಸ್ಟೋರೇಜಿನ ದಿನಗಳ ಅಭ್ಯಾಸ, ಯಂತ್ರ ನಿಲ್ಲಿಸಿದರೆ ಗುರುತು ಹಾಕಲೇಬೇಕು.

ಇರುವೆಯ ಪ್ರಬಂಧ ಅಚ್ಚಾಯಿತು. ಅದನ್ನು ಓದಿ ಬ್ಯಾಟರಿ ಮಾಡುವ ಕಂಪನಿಯವರು ಬಂದರು. ಬ್ಯಾಟರಿಯೊಳಗೆ ಯಾವ ಲವಣ ಎಷ್ಟು ಬೆರೆಸಿದರೆ ಹೆಚ್ಚು ಬಾಳುತ್ತದೆ ಎಂಬುದನ್ನು ನೂರಾರು ಸಲ ಬೆರೆಸಿ ನೋಡುವ ಬದಲು ಈ ಯಂತ್ರದಿಂದ ಲೆಕ್ಕ ಹಾಕಿಸಬೇಕೆಂಬುದು ಅವರ ಆಸೆ. ತಮ್ಮ ಬೆರಕೆಯ ಗುಟ್ಟು ಕಾಂಪೌಂಡು ದಾಟಬಾರದು, ಆದ್ದರಿಂದ ಯಂತ್ರವೇ ಕಾರ್ಖಾನೆಗೆ ಬರಬೇಕು ಎಂದರು. ನಮ್ಮ ಲ್ಯಾಬಿನ ಕೆಲಸ ಹೊರಗಿನ ಲೋಕಕ್ಕೆ ಉಪಯೋಗಕ್ಕೆ ಬರುವುದು ಅದೇ ಮೊದಲು. ಪ್ರೊಫೆಸರು ಎಲ್ಲರ ಮುಂದೆ ಇರುವೆಯ ಬೆನ್ನು ತಟ್ಟಿ, ಕಾರ್ಖಾನೆಯ ತಂಡಕ್ಕೆ ಇವಳೇ ಮುಖ್ಯಸ್ಥೆ ಎಂದರು. ಅವಳಿಗಿನ್ನೂ ಮೂವತ್ತು ತುಂಬಿರಲಿಲ್ಲ.

ಚಳಿರಾಯನನ್ನು ಬಿಚ್ಚಿ, ಲಾರಿಗೆ ಹಾಕಿ, ಕಾರ್ಖಾನೆಯಲ್ಲಿ ಮತ್ತೆ ಜೋಡಿಸಲು ಐದು ವಾರ ಹಿಡಿಯಿತು. ನಮಗೆ ಕೊಟ್ಟಿದ್ದು ದೊಡ್ಡ ಷೆಡ್ಡಿನ ಕೊನೆಯಲ್ಲಿ ಹೊಸದಾಗಿ ಕಟ್ಟಿದ ಕೋಣೆ. ಬಿಳೀ ಬಣ್ಣ, ನುಣುಪು ನೆಲ, ಚಪ್ಪಲಿ ಹೊರಗೆ ಬಿಡಬೇಕು. ಜೋಡಣೆಯಾಗುವ ತನಕ ಷೆಡ್ಡಿನಲ್ಲಿ ಕೆಲಸ ನಿಂತಿತ್ತು. ಅದು ಶುರುವಾದ ದಿನ ನಾನು ಬಾಗಿಲಲ್ಲಿ ನಿಂತು ತಲೆ ಎತ್ತಿದೆ. ಸೂರಿನ ಕೆಳಗೆ, ಈ ತುದಿಯಿಂದ ಆ ತುದಿಗೆ ಕಂಬಿ. ಕಂಬಿಯ ಮೇಲೆ ಟನ್ನುಗಟ್ಟಲೆ ಕಬ್ಬಿಣದ ಕ್ರೇನು ನಮ್ಮ ಕೋಣೆಯ ಗೋಡೆಗೆ ಎರಡು ಮಾರು ದೂರದವರೆಗೂ ಬಂದು ತಿರುಗಿ ಹೋಯಿತು. ಬಿಟ್ಟು ಬಂದಿದ್ದ ಲಿಫ್ಟು ಹತ್ತು ಪಟ್ಟು ಬೆಳೆದು ಎದುರಿಗೆ ನಿಂತಿತ್ತು.

ಆ ದಿನವೂ ಹೇಳಬಹುದಿತ್ತು. ಹೇಳಿದ್ದರೆ ಪರೀಕ್ಷೆಯನ್ನು ಹತ್ತು ದಿನ ಮುಂದೂಡಿ, ಅಯಸ್ಕಾಂತದ ಸೆಳೆತ ತಡೆಯುವ ಲೋಹದ ಕವಚ ತರಿಸಿ ಹೊದಿಸಿದ್ದರೆ ಮುಗಿಯುತ್ತಿತ್ತು. ಆದರೆ ಹೇಳುವುದೆಂದರೆ ಲಿಫ್ಟಿನ ಕತೆಯನ್ನೂ ಹೇಳಬೇಕು. ಅಚ್ಚಾದ ಪ್ರಬಂಧ ಏನಾಗುತ್ತದೆ, ಅವಳ ಮುಖ್ಯಸ್ಥೆಯ ಕುರ್ಚಿ ಏನಾಗುತ್ತದೆ ಎಂದು ಲೆಕ್ಕ ಹಾಕಿದೆ. ಲೆಕ್ಕ ಹಾಕಿ, ಮೊದಲು ಮಾಡಿದ್ದನ್ನೇ ಮತ್ತೆ ಮಾಡಿದೆ.

ಕ್ರೇನು ನಡೆಸುವವನು ನನ್ನ ವಯಸ್ಸಿನವನು. ದಿನವೆಲ್ಲ ಮೇಲೆ ಕೂತಿರುತ್ತಾನೆಂದು ಕಾರ್ಖಾನೆಯವರು ಅವನನ್ನು ಗಗನಸಖ ಎಂದು ಕರೆಯುತ್ತಿದ್ದರು. ಚಹಾದ ಹೊತ್ತಿನಲ್ಲಿ ಅವನ ಪಕ್ಕ ಕೂತು, ನಮ್ಮ ಪರೀಕ್ಷೆ ನಡೆಯುವ ಹೊತ್ತು, ಬೆಳಗ್ಗೆ ಹನ್ನೊಂದರಿಂದ ಒಂದರವರೆಗೆ, ಕ್ರೇನನ್ನು ಆಚೆ ತುದಿಯಲ್ಲೇ ಇಟ್ಟುಕೊಳ್ಳಲಾಗುತ್ತದೆಯೇ ಎಂದು ಕೇಳಿದೆ.

“ಯಾಕೆ, ನನ್ನ ಮುಖ ಕಂಡ್ರೆ ನಿಮ್ಮ ಚಳಿರಾಯನಿಗೆ ಆಗಲ್ವಾ?”

“ನಿಮ್ಮ ಮುಖದ ಮೇಲೆ ಅವನಿಗೇನೂ ದೂರಿಲ್ಲ. ನಿಮ್ಮ ತೂಕ ತಡ್ಕೊಳಲ್ಲ.”

“ನನ್ನ ಹೆಂಡತೀನೂ ಅದನ್ನೇ ಹೇಳೋದು,” ಎಂದು ನಕ್ಕು ಒಪ್ಪಿದ. ಒಳ್ಳೆಯ ಮನುಷ್ಯ. ಮೇಲಿನವರು ಹೇಳಿದರೆ ಮಾತ್ರ ತನ್ನ ಕೈಲಿಲ್ಲ ಎಂದೂ ಹೇಳಿದ. ನಾನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲ ಎರಡು ದಿನ ನಮ್ಮವರು ಮಾತ್ರ ಇದ್ದು ನೋಡಿಕೊಳ್ಳಬೇಕು, ಮೂರನೇ ದಿನ ಕಂಪನಿಯ ಪರೀಕ್ಷಕರು ಬರುತ್ತಾರೆ ಎಂದಾಗಿತ್ತು. ಎರಡು ದಿನವೂ ಗೆರೆ ದಾರ ಹಿಡಿದು ಎಳೆದಂತೆ ನೆಟ್ಟಗಿತ್ತು. ಇರುವೆ ಆ ರೀಡಿಂಗುಗಳನ್ನು ಕಂಪನಿಗೆ ಕಳಿಸಿದಳು. ಮೂರನೇ ದಿನ ಮೂವರು ಬಂದು ಕೂತರು. ಹನ್ನೊಂದೂವರೆಗೆ ಷೆಡ್ಡಿನಲ್ಲಿ ಮೇಸ್ತ್ರಿ ಸೀಟಿ ಊದಿದ. ಹೊರಗೆ ಬಂದು ನೋಡಿದೆ, ಯಾವುದೋ ತುರ್ತು ಸರಕು ಬಂದಿತ್ತು. ಗಗನಸಖ ಮೇಲಿನಿಂದಲೇ ನಮ್ಮ ಬಾಗಿಲ ಕಡೆಗೆ ನೋಡಿ ಎರಡೂ ಕೈ ಅಗಲಿಸಿ ತೋರಿಸಿದ. ಕ್ರೇನು ಹೊರಟಿತು. ನಾನು ಒಳಗೆ ಬರುವಷ್ಟರಲ್ಲಿ ಪರದೆಯ ಗೆರೆ ಜೋತುಬಿದ್ದಿತ್ತು. ಕ್ರೇನು ಹೋಯಿತು, ಗೆರೆ ಎದ್ದಿತು. ಮತ್ತೆ ಬಂತು, ಮತ್ತೆ ಬಿತ್ತು. ಮುಚ್ಚಿದ ಕೋಣೆ, ಒಳಗಿದ್ದವರಿಗೆ ಕಂಡದ್ದು ಗೆರೆ ಮಾತ್ರ. ಕಾರ್ಖಾನೆಯ ಗದ್ದಲದಲ್ಲಿ ಕ್ರೇನಿನ ಸದ್ದು ಬೇರೆಯಾಗಿ ಕೇಳುವ ಹಾಗೂ ಇರಲಿಲ್ಲ.

ಹಿರಿಯ ಪರೀಕ್ಷಕ ಕನ್ನಡಕ ತೆಗೆದು ಒರೆಸಿಕೊಂಡ. ಮೆತ್ತಗೆ ಮಾತಾಡುವ ಮನುಷ್ಯ.

“ನಾವಿಲ್ಲದಾಗ ಎಲ್ಲ ನೆನಪಿರುತ್ತೆ, ನಾವು ಬಂದ ತಕ್ಷಣ ಮರೆತುಹೋಗುತ್ತೆ. ನಿಮ್ಮ ಯಂತ್ರಕ್ಕೆ ನಾಚಿಕೆ ಜಾಸ್ತಿ ಅಂತ ಕಾಣುತ್ತೆ,” ಎಂದ.

ಯಾರೂ ನಗಲಿಲ್ಲ. ಆ ಮಾತಿನ ಅರ್ಥ ಎಲ್ಲರಿಗೂ ಆಯಿತು. ಹಿಂದಿನ ಎರಡು ದಿನದ ರೀಡಿಂಗುಗಳನ್ನು ಇವಳು ಕೂತು ಬರೆದಿದ್ದಾಳೆ ಎಂದು ಅವನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ನಾನು ಲಿಫ್ಟು ಮಾತ್ರ ನಿಲ್ಲಿಸಿದ್ದರೆ ಅವಳಿಗೆ ಬರುತ್ತಿದ್ದದ್ದು ಸೋಲು. ಕ್ರೇನನ್ನೂ ನಿಲ್ಲಿಸಲು ಹೋಗಿ ಅವಳ ಮೇಲೆ ಸುಳ್ಳಿನ ಅಪವಾದ ಹೊರಿಸಿದ್ದೆ.

ಅವರು ಊಟಕ್ಕೆ ಎದ್ದು ಹೋದಾಗ ಇರುವೆ ಪಂಪಿನ ಹಿಂದೆ ನಾನಿದ್ದಲ್ಲಿಗೆ ಬಂದಳು. ಕೈಯಲ್ಲಿ ಪೆನ್ನಿನ ಮುಚ್ಚಳ ಹಿಡಿದುಕೊಂಡು ತಿರುಗಿಸುತ್ತಿದ್ದಳು. ಐದು ವರ್ಷದಲ್ಲಿ ಕೆಲಸದ ಜಾಗದಲ್ಲಿ ಮೊದಲ ಸಲ ಮನೆಯ ದನಿಯಲ್ಲಿ ಕರೆದಳು.

“ಮಾವ, ನಿಂಗೇನಾದ್ರೂ ಗೊತ್ತಾ?”

ಮಾತು ನಾಲಿಗೆಯ ತುದಿಯಲ್ಲಿತ್ತು. ಬಾಗಿಲಾಚೆ ಪರೀಕ್ಷಕರು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ಸಂಜೆ ಮನೆಗೆ ಹೋಗಿ ನಿಧಾನವಾಗಿ ಹೇಳೋಣ ಎಂದುಕೊಂಡೆ.

“ಇಲ್ವಲ್ಲಮ್ಮ,” ಎಂದೆ.

ಅವಳು ತಲೆಯಾಡಿಸಿ ಹೋದಳು. ನಂಬಿದಳು. ಇವತ್ತಿಗೂ ನನ್ನನ್ನು ಸುಡುವುದು ಅದೇ.

ಸಂಜೆಯವರೆಗೆ ಕಾಯಲು ಅವರು ಬಿಡಲಿಲ್ಲ. ಮಧ್ಯಾಹ್ನ ಮೂರಕ್ಕೆ ಮ್ಯಾನೇಜರ ಕೋಣೆಯಲ್ಲಿ ಸಭೆ ಕರೆದರು, ಪ್ರೊಫೆಸರೂ ಬಂದರು. ನಾನು ಸಲಕರಣೆಯ ಪೆಟ್ಟಿಗೆ ಹಿಡಿದು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಮೂರು ಜನ ಬೇರೆ ಬೇರೆ ರೀತಿಯಲ್ಲಿ ಒಂದೇ ಪ್ರಶ್ನೆ ಕೇಳಿದರು. ಕೊನೆಗೆ ಇರುವೆಯ ದನಿ ಕೇಳಿಸಿತು.

“ಎರಡು ದಿನದ ರೀಡಿಂಗೂ ನಿಜ, ಇವತ್ತಿಂದೂ ನಿಜ. ಯಾಕೆ ಹೀಗೆ ಅಂತ ನನಗೆ ಗೊತ್ತಿಲ್ಲ. ಇದೇ ಗೊತ್ತಿಲ್ಲ ಅಂದ್ಮೇಲೆ ಲ್ಯಾಬಲ್ಲಿ ತೆಗೆದಿದ್ದನ್ನೂ ನಾನು ನಂಬೋ ಹಾಗಿಲ್ಲ. ಪ್ರಬಂಧ ವಾಪಸ್ ತಗೋತೀನಿ.”

ಬಾಗಿಲು ತಳ್ಳಿದ್ದರೆ ಸಾಕಿತ್ತು. ನನ್ನ ಬೆಂಚಿನಿಂದ ನಾಲ್ಕು ಹೆಜ್ಜೆ. ಈಗ ಒಳಗೆ ಹೋಗಿ ಹೇಳಿದರೆ ಸೋದರಮಾವ ಬಂದು ಕತೆ ಕಟ್ಟುತ್ತಿದ್ದಾನೆ ಎನ್ನುತ್ತಾರೆ, ಅವಳಿಗೆ ಇನ್ನೂ ಕೆಡುಕು ಎಂದು ಯೋಚಿಸುತ್ತಾ ಕೂತೆ. ಆ ಯೋಚನೆಯಲ್ಲಿ ಹುರುಳಿಲ್ಲದೆ ಇರಲಿಲ್ಲ. ಆದರೆ ನನ್ನ ಕಾಲು ಏಳದಿದ್ದದ್ದು ಅದಕ್ಕಲ್ಲ, ಹೆದರಿಕೆಗೆ.

ಮರುದಿನ ಬೆಳಗ್ಗೆ ಪ್ರೊಫೆಸರು ಲ್ಯಾಬಿಗೆ ಬರುವುದಕ್ಕೆ ಮುಂಚೆಯೇ ಅವರ ಕೋಣೆಯ ಮುಂದೆ ನಿಂತಿದ್ದೆ. ಎಲ್ಲ ಹೇಳಿದೆ. ಅವರು ಎದ್ದು, ಲ್ಯಾಬಿನಲ್ಲಿ ಉಳಿದಿದ್ದ ಅಯಸ್ಕಾಂತದ ಸೆಳೆತ ಅಳೆಯುವ ಉಪಕರಣವನ್ನು ಹಿಂದಿನ ಗೋಡೆಗೆ ಆನಿಸಿ, ಲಿಫ್ಟು ಓಡಿಸಿ ಎಂದರು. ಮೇಲೆ, ಕೆಳಗೆ, ಮೇಲೆ, ಕೆಳಗೆ, ಏಳು ಸಲ ಓಡಿಸಿದೆ. ಆಮೇಲೆ ಅವರು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತರು.

“ಯಾಕ್ರೀ ನನಗೆ ಹೇಳ್ಲಿಲ್ಲ?”

ಸ್ಪ್ಯಾನರಿನ ಮಾತನ್ನು ನೆನಪಿಸಿದೆ. ಅವರು ನನ್ನ ಮುಖವನ್ನೇ ನೋಡಿದರು.

“ನಾನು ಹಾಗಂದಿದ್ನಾ?” ಎಂದರು. ಅವರಿಗೆ ನಿಜವಾಗಿ ನೆನಪಿರಲಿಲ್ಲ. ಹನ್ನೊಂದು ವರ್ಷ ನಾನು ಎದೆಯಲ್ಲಿ ಹೊತ್ತುಕೊಂಡು ತಿರುಗಿದ್ದ ಮಾತು ಅವರ ಪಾಲಿಗೆ ಒಂದು ಬೆಳಗಿನ ತಮಾಷೆಯಾಗಿತ್ತು. ಅದರ ಬೆಲೆ ತೆತ್ತವಳು ಅವತ್ತು ಅಲ್ಲಿ ಇರಲೂ ಇರಲಿಲ್ಲ.

ಪ್ರೊಫೆಸರು ನನ್ನನ್ನು ಕರೆದುಕೊಂಡು ಕಂಪನಿಗೆ ಹೋಗಿ ಎಲ್ಲ ಬಿಡಿಸಿ ಹೇಳಿದರು. ಗಗನಸಖನೂ ಬಂದು, ಹೌದು, ಇವರು ಕೇಳಿದ್ದಕ್ಕೆ ನಿಲ್ಲಿಸಿದ್ದೆ ಎಂದ. ಹಿರಿಯ ಪರೀಕ್ಷಕ ಎಲ್ಲವನ್ನೂ ಬರೆದುಕೊಂಡ. ಯಂತ್ರ ಬೇಕು, ಕವಚ ಹೊದಿಸಿ ಕೊಡಿ ಎಂದ. ಆದರೆ ಸ್ವಂತ ಮಾವ ಎರಡೆರಡು ಸಲ ಗುಟ್ಟಾಗಿ ಸಹಾಯ ಮಾಡಿದ್ದು ಆಕೆಗೆ ಗೊತ್ತೇ ಇರಲಿಲ್ಲ ಎಂದು ತನ್ನ ಮೇಲಿನವರಿಗೆ ಹೇಗೆ ಬರೆಯಲಿ, ತಂಡದಲ್ಲಿ ಬೇರೆ ಯಾರಾದರೂ ಇರಲಿ ಎಂದ. ಕೆಟ್ಟ ಮನುಷ್ಯನೇನಲ್ಲ. ಅವನ ಜಾಗದಲ್ಲಿದ್ದರೆ ನಾನೂ ಹಾಗೇ ಬರೆಯುತ್ತಿದ್ದೆನೇನೋ.

ಇರುವೆಗೆ ಮೊದಲು ನಾನು ಹೇಳಬೇಕಿತ್ತು. ಅದನ್ನೂ ಪ್ರೊಫೆಸರ ಬಾಯಿಂದ ಕೇಳಿದಳು. ಕೇಳಿ ಸ್ಟೋರಿಗೆ ಬಂದು, ಮೊಳೆಗೆ ನೇತಾಡುತ್ತಿದ್ದ ರಟ್ಟಿನ ಬೋರ್ಡನ್ನು ತೆಗೆದು ತಿರುಗಿಸಿದಳು. ಗೀಟುಗಳನ್ನು ಬೆರಳಿಟ್ಟು ಎಣಿಸಿದಳು. ಎಂಬತ್ತೊಂದು ಇದ್ದವು. ಅಳುತ್ತಾಳೆ, ಬೈಯುತ್ತಾಳೆ ಎಂದು ಕಾದಿದ್ದೆ.

“ಮೊದಲನೇ ಗೀಟು ಎಳೆದ ದಿನ ಇದನ್ನ ನಂಗೆ ತೋರಿಸಿದ್ರೆ ಸಾಕಿತ್ತು ಮಾವ,” ಎಂದಳು. “ಮಿಕ್ಕಿದ್ದನ್ನ ನಾನೇ ಮಾಡ್ಕೋತಿದ್ದೆ.”

ನಿಜ. ಗೋಡೆಯಾಚೆಯ ಕಬ್ಬಿಣ ಚಿಪ್ಪನ್ನು ಎಷ್ಟು ಕೆಡಿಸುತ್ತದೆ, ಅದನ್ನು ತಡೆಯಲು ಎಂಥ ಕವಚ ಬೇಕು ಎಂಬುದೇ ಆಮೇಲೆ ಅದೇ ಲ್ಯಾಬಿನಲ್ಲಿ ದೊಡ್ಡ ಕೆಲಸವಾಯಿತು. ಕಾರ್ಖಾನೆಗಳಲ್ಲಿ ಇಂಥ ಯಂತ್ರ ಇಡುವವರೆಲ್ಲ ಆ ಕೆಲಸದ ಮೇಲೆ ಬಂದ ಪ್ರಬಂಧ ನೋಡುತ್ತಾರಂತೆ. ಅದರ ಮೇಲೆ ಮಧ್ಯಾಹ್ನದ ಪಾಳಿಯವನ ಹೆಸರಿದೆ. ನಾನು ಅವಳಿಂದ ಬಚ್ಚಿಟ್ಟದ್ದು ಒಂದು ತೊಂದರೆ ಎಂದುಕೊಂಡಿದ್ದೆ. ಅವಳ ಪಾಲಿಗೆ ಬರಬೇಕಾಗಿದ್ದ ಗೆಲುವು ಅದರೊಳಗೇ ಇತ್ತು.

ಕವಚದ ಅಂಚಿಗೆ ಬೆಸುಗೆ ಹಾಕಿದ್ದು ನಾನೇ. ಈಗ ಗಗನಸಖ ಎಷ್ಟು ಸಲ ಓಡಾಡಿದರೂ ಚಳಿರಾಯ ಜಗ್ಗುವುದಿಲ್ಲ. ಕಂಪನಿಯ ಹೊಸ ಬ್ಯಾಟರಿ ಅವನು ಹಾಕಿಕೊಟ್ಟ ಲೆಕ್ಕದಿಂದಲೇ ಬಂದದ್ದಂತೆ. ಇರುವೆ ಲ್ಯಾಬು ಬಿಟ್ಟಳು. ಲಾರಿಗಳನ್ನು ತೂಗುವ ದೊಡ್ಡ ತಕ್ಕಡಿಗಳು ಸರಿಯಾಗಿವೆಯೇ ಎಂದು ಪರೀಕ್ಷಿಸುವ ಒಂದು ಸಂಸ್ಥೆಯಲ್ಲಿದ್ದಾಳೆ. ಊರೂರು ಸುತ್ತುತ್ತಾಳೆ, ಕೆಲಸ ಚೊಕ್ಕವಾಗಿ ಮಾಡುತ್ತಾಳೆ ಎಂದು ಕೇಳಿದ್ದೇನೆ. ಕ್ವಾಂಟಂ ಎಂಬ ಮಾತು ಅವಳ ಬಾಯಲ್ಲಿ ಮತ್ತೆ ಬಂದಿಲ್ಲ.

ತಂಗಿ ನನ್ನ ಮೇಲೆ ಕೂಗಾಡಲಿಲ್ಲ. ಒಂದು ದಿನ ಬಟ್ಟೆ ಮಡಚುತ್ತಾ, “ಗಾಳಿಯಂತ್ರ ನೆನಪಿದೆಯಾ ಅಣ್ಣಾ?” ಎಂದಳು. ಇರುವೆ ಏಳನೇ ತರಗತಿಯಲ್ಲಿದ್ದಾಗ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಗಾಳಿಯಂತ್ರ ಮಾಡಿದ್ದಳು. ಅದು ತಿರುಗುತ್ತಿರಲಿಲ್ಲ. ಅವಳು ಮಲಗಿದ ಮೇಲೆ ನಾನು ಅದರ ಅಚ್ಚನ್ನು ಉಜ್ಜಿ ಎಣ್ಣೆ ಬಿಟ್ಟಿದ್ದೆ. ಬಹುಮಾನ ಬಂತು. ಮರುವರ್ಷ ಇನ್ನೂ ದೊಡ್ಡದನ್ನು ಮಾಡಿಕೊಂಡು ಹೋದಳು. ನಾನು ಆಗ ಲ್ಯಾಬಿನ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದೆ. ಎಲ್ಲರೆದುರು ಅದು ಅಲ್ಲಾಡಲಿಲ್ಲ. ಯಾಕೆ ತಿರುಗಲಿಲ್ಲ ಎಂದು ಆ ಮಗು ವಾರಗಟ್ಟಲೆ ಕೇಳುತ್ತಿತ್ತಂತೆ. ನೆನಪಿದೆ ಎಂದೆ. ತಂಗಿ ಇನ್ನೊಂದು ಬಟ್ಟೆ ತೆಗೆದುಕೊಂಡಳು.

ಕಳೆದ ಭಾನುವಾರ ಇರುವೆ ಬಂದಿದ್ದಳು. ಮೂವರೂ ಅಡುಗೆಮನೆಯ ಮೇಜಿನ ಸುತ್ತ ಚಹಾ ಕುಡಿಯುತ್ತಿದ್ದೆವು. ಮೇಜಿನ ಒಂದು ಕಾಲು ಗಿಡ್ಡ. ಯಾರು ಕೈಯೂರಿದರೂ ಕುಲುಕುತ್ತಿತ್ತು, ಇರುವೆಯ ಲೋಟದ ಚಹಾ ಒಂದಿಷ್ಟು ಚೆಲ್ಲಿತು. ನನ್ನ ಕೈ ತಾನಾಗಿ ಹಳೇ ಪತ್ರಿಕೆಯ ಒಂದು ತುಂಡು ಹರಿದು ಮಡಚತೊಡಗಿತ್ತು. ಬಗ್ಗಿದವನು ಅರ್ಧಕ್ಕೇ ನಿಂತೆ.

“ಕಾಲಿನ ಕೆಳಗೆ ಕಾಗದ ಇಡ್ತಾ ಇದೀನಿ,” ಎಂದೆ, ಜೋರಾಗಿಯೇ.

ತಂಗಿ ಗೋಡೆಯ ಕಡೆ ನೋಡಿದಳು. ಇರುವೆ ಲೋಟ ಎತ್ತಿ ಕೈಯಲ್ಲಿ ಹಿಡಿದುಕೊಂಡಳು.

“ಬೇಡ ಮಾವ, ಬಿಡಿ. ಅಲ್ಲಾಡುತ್ತೆ ಅಂತ ಗೊತ್ತಾಯ್ತಲ್ಲ, ಹಿಡ್ಕೋತೀನಿ.”

ಮನೆಯಲ್ಲಿ ಆಡಿದ ಆ ‘ಬಿಡಿ’ಯಲ್ಲಿ ಸಿಟ್ಟಿರಲಿಲ್ಲ. ಮಡಚಿದ ಕಾಗದವನ್ನು ಜೇಬಿಗೆ ಹಾಕಿಕೊಂಡು ನನ್ನ ಜಾಗದಲ್ಲಿ ಕೂತೆ. ಅವಳು ಚಹಾ ಮುಗಿಸುವವರೆಗೂ ನಾವು ಯಾರೂ ಮೇಜಿನ ಮೇಲೆ ಕೈ ಊರಲಿಲ್ಲ.